ಖಾಲಿ ಉಂಟು ಎಂದ ಮೇಲೂ

"ಪದ ಹೇಳಿದ್ದು ಸಾಕು, ಈ ಸಲ ಒಂದು ಲೇಖನ ಬರೆದು ಕೊಡಿ" ಎಂದು ವಾಚನಾಲಯದ ಹುಡುಗರು ಗಂಟುಬಿದ್ದರು. ಏಳನೇ ಕ್ಲಾಸಿನ ಕನ್ನಡದಲ್ಲಿ ಬರೆಯುವವನು ನಾನು. ದೊಡ್ಡ ತತ್ವಜ್ಞಾನ ನನ್ನ ಹತ್ತಿರ ಇಲ್ಲ. ಆದರೆ ಒಂದು ಪ್ರಶ್ನೆ ನಲವತ್ತು ವರ್ಷದಿಂದ ನನ್ನ ಜೊತೆ ತೋಟ ಗದ್ದೆ ಸುತ್ತುತ್ತಾ ಉಂಟು. ನಾವು ನಂಬುವ ಮನುಷ್ಯ ಒಂದು ಮಾತು ಹೇಳಿದ ಮೇಲೆ, ಅದು ಹೌದೋ ಅಲ್ಲವೋ ಎಂದು ಅವನ ಎದುರಲ್ಲೇ ನೋಡಬಹುದಾ? ನೋಡಿದರೆ ಅದು ಅವನಿಗೆ ಅವಮಾನವಾ? ನೋಡದೆ ಬಿಟ್ಟರೆ ಅದು ಮರ್ಯಾದೆಯಾ, ಇಲ್ಲಾ ನಮ್ಮ ಉದಾಸೀನವಾ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಕೋವಿ ಬಿಚ್ಚಿ ಒರೆಸಲು ಕಲಿತದ್ದರಿಂದ ಬಂದದ್ದು.

ನಮ್ಮ ಕಾಸರಗೋಡಿನ ಕಡೆ ಕೃಷಿಕರ ಮನೆಯಲ್ಲಿ ಕೋವಿ ಇರುವುದು ಶೋಕಿಗಲ್ಲ. ಹಂದಿ ಹಿಂಡು ಒಂದು ರಾತ್ರಿ ನುಗ್ಗಿದರೆ ಮರಗೆಣಸು, ಕೆಸು, ಕದಿರು ಬಂದ ಗದ್ದೆ ಎಲ್ಲ ಮಗುಚಿ ಬಿಡುತ್ತದೆ. ಬೆಳೆ ರಕ್ಷಣೆಗೆಂದು ಲೈಸೆನ್ಸು ಕೊಡುತ್ತಾರೆ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಕೊಂಡುಹೋಗಿ ಇಡಬೇಕು, ಮುಗಿದ ಮೇಲೆ ತರಬೇಕು. ಹಾಗಂತ ಕಂಡ ಹಂದಿಗೆಲ್ಲ ಈಡು ಹೊಡೆಯಲು ಆಗುವುದಿಲ್ಲ. 2022ರಿಂದ ಕೇರಳದಲ್ಲಿ ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಲು ಪಂಚಾಯತು ಅಧ್ಯಕ್ಷರು ಅನುಮತಿ ಕೊಡಬಹುದು ಎಂದಾಗಿದೆ. ಹೀಗೆ ವರ್ಷದ ಹೆಚ್ಚಿನ ದಿನ ಕೋವಿ ಸುಮ್ಮನೆ ಇರುತ್ತದೆ. ಸುಮ್ಮನೆ ಇದ್ದರೂ ಅದರ ಚಾಕರಿ ತಪ್ಪುವುದಿಲ್ಲ. ಜೂನಿನಿಂದ ಸೆಪ್ಟೆಂಬರದವರೆಗೆ ನಮ್ಮ ಮಳೆಗೆ ಗೋಡೆಯೇ ಬೆವರುತ್ತದೆ, ಕಬ್ಬಿಣವನ್ನು ಬಿಡುತ್ತದಾ? ಜೋಪಾನ ಎಂದು ಚರ್ಮದ ಚೀಲದಲ್ಲಿ ಇಟ್ಟರೆ ಇನ್ನೂ ಬೇಗ ತುಕ್ಕು, ಯಾಕೆಂದರೆ ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ.

ನನಗೆ ಕಲಿಸಿದವರು ಸೋದರಮಾವ. ಸೈನ್ಯದಲ್ಲಿ ಆಯುಧ ಇಡುವ ಕೋಣೆಯಲ್ಲಿ ಕೆಲಸ ಮಾಡಿ, ಪಿಂಚಣಿ ಆಗಿ ಊರಿಗೆ ಬಂದಿದ್ದರು. ಆಗ ನನಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಪ್ರಾಯ. ಆಯುಧಪೂಜೆಗೆ ಎರಡು ದಿನ ಇರುವಾಗ ಚಾವಡಿಯಲ್ಲಿ ಚಾಪೆ ಹಾಸಿ, ಹಳೆ ಪಂಚೆಯ ಚಿಂದಿ, ಗಜ, ಹೊಲಿಗೆ ಮಿಶನಿನ ಎಣ್ಣೆ ಇಟ್ಟುಕೊಂಡು ಕೂತೆವು. ಅಪ್ಪ ಒಳಗಿಂದ ಕೋವಿ ತಂದು "ಖಾಲಿ ಉಂಟು ಭಾವ" ಎಂದು ಕೊಟ್ಟರು. ಮಾವ ಎರಡು ಕೈಯಲ್ಲಿ ತೆಗೆದುಕೊಂಡರು. ನಳಿಗೆಯ ಬಾಯನ್ನು ಅಂಗಳದಾಚೆಯ ಮಣ್ಣಿನ ದರೆಗೆ ತಿರುಗಿಸಿ, ಮೇಲಿನ ಕೀಲಿಯನ್ನು ಹೆಬ್ಬೆರಳಿನಿಂದ ದೂಡಿ, ಕೋವಿಯನ್ನು ನಡುವಿನಲ್ಲಿ ಬಗ್ಗಿಸಿ ಎರಡೂ ನಳಿಗೆಯೊಳಗೆ ನೋಡಿದರು. ಸಾಲದೆಂದು ಕಿರುಬೆರಳು ಹಾಕಿಯೂ ನೋಡಿದರು.

ಅಪ್ಪನ ಮುಖ ಸಣ್ಣದಾಯಿತು. "ನಾನು ಹೇಳಿದೆನಲ್ಲ ಭಾವ, ಖಾಲಿ ಉಂಟೂಂತ. ನನ್ನ ಮಾತಿಗೆ ಬೆಲೆ ಇಲ್ವಾ?"

"ನಿಮ್ಮ ಮಾತಿಗೆ ಬೆಲೆ ಉಂಟು ಭಾವ. ನಿಮ್ಮ ಮಾತು ಕೋವಿಗೆ ಗೊತ್ತಿಲ್ಲ" ಎಂದರು ಮಾವ.

ಕೋವಿ ಖಾಲಿಯೇ ಇತ್ತು. ಅಪ್ಪ ಸುಳ್ಳು ಹೇಳುವ ಜನ ಅಲ್ಲ. ಗಡಿ ತಕರಾರಿನಲ್ಲಿ ಅವರು ಕಲ್ಲು ಇಲ್ಲಿ ಇತ್ತು ಎಂದರೆ ಎರಡೂ ಕಡೆಯವರು ಒಪ್ಪುತ್ತಿದ್ದರು. ಆ ದಿನ ಊಟಕ್ಕೆ ಕೂತಾಗ ಅವರು ಹೆಚ್ಚು ಮಾತಾಡಲಿಲ್ಲ. ನನಗೆ ಇಬ್ಬರೂ ದೊಡ್ಡವರೇ. ಯಾರ ಪಕ್ಷ ವಹಿಸುವುದು?

ಕೋವಿ ಬಿಚ್ಚುವುದು ನಾವು ಎಣಿಸಿದಷ್ಟು ಕಷ್ಟ ಅಲ್ಲ. ನಮ್ಮದು ಹನ್ನೆರಡು ಬೋರಿನ ಜೋಡು ನಳಿಗೆಯ ತೋಟೆಕೋವಿ. ನಳಿಗೆಯ ಅಡಿಯಲ್ಲಿರುವ ಮರದ ತುಂಡನ್ನು ಮೊದಲು ಬಿಡಿಸಬೇಕು. ಆಮೇಲೆ ಬಗ್ಗಿಸಿ ನಳಿಗೆಯನ್ನು ಕೊಕ್ಕೆಯಿಂದ ಎತ್ತಿದರೆ ಬೇರೆಯಾಗಿ ಬರುತ್ತದೆ. ಮರದ ತುಂಡು, ನಳಿಗೆ, ಹಿಡಿ, ಒಟ್ಟು ಮೂರೇ. ಗಜಕ್ಕೆ ಚಿಂದಿ ಸುತ್ತಿ ಹಿಂದಿನ ಕಡೆಯಿಂದ ದೂಡಬೇಕು, ಚಿಂದಿ ಬೆಳ್ಳಗೆ ಬರುವವರೆಗೆ. ಮತ್ತೆ ನಳಿಗೆಯನ್ನು ಆಕಾಶಕ್ಕೆ ಹಿಡಿದರೆ ಒಳಗೆ ಬೆಳಕು ಬಳೆ ಬಳೆಯಾಗಿ ಕಾಣುತ್ತದೆ, ತುಕ್ಕಿನ ಚುಕ್ಕೆ ಇದ್ದರೆ ಅಲ್ಲಿ ಬಳೆ ಮುರಿಯುತ್ತದೆ. ಎಣ್ಣೆ ತೆಳ್ಳಗೆ ಸವರಬೇಕು. ಹೆಚ್ಚಾದರೆ ಕ್ರಮೇಣ ಅಂಟಾಗುತ್ತದೆ, ಹಿಡಿಯ ಮರಕ್ಕೂ ಇಳಿದು ಅದನ್ನು ಮೆತ್ತಗೆ ಮಾಡುತ್ತದೆ. ಹಳೆ ಕೇಪಿನ ಕೋವಿಯಾದರೆ ಬಿಸಿನೀರಿನಲ್ಲಿ ತೊಳೆಯಲೇ ಬೇಕು, ಕರಿಮದ್ದಿನ ಬೂದಿ ಗಾಳಿಯ ನೀರನ್ನು ಹೀರಿಕೊಂಡು ಕಬ್ಬಿಣ ತಿನ್ನುತ್ತದೆ. ಜೋಡಿಸುವಾಗ ಇದೇ ಕ್ರಮ ಹಿಂದುಮುಂದಾಗಿ. ಇಷ್ಟು ಅರ್ಧ ದಿನದಲ್ಲಿ ಬಂತು. ಮೊದಲು ಖಾಲಿ ನೋಡುವ ಅಭ್ಯಾಸ ಮೈಗೆ ಹತ್ತಲು ಮಾತ್ರ ಬಹಳ ಕಾಲ ಹಿಡಿಯಿತು, ಯಾಕೆಂದರೆ ಅದು ಕೈಯ ಕೆಲಸ ಅಲ್ಲ, ಮನಸ್ಸಿನದ್ದು.

ಆ ಸಂಜೆ ಮಾವ ಪಿಸ್ತೂಲಿನ ಸಂಗತಿ ಹೇಳಿದರು. ಅವರ ಕೋಣೆಯಲ್ಲಿ ಅಧಿಕಾರಿಗಳ 9 ಎಂಎಂ ಪಿಸ್ತೂಲುಗಳು ಇರುತ್ತಿದ್ದವಂತೆ, ಹಿಡಿಯೊಳಗೆ ಸೇರಿಸುವ ಮ್ಯಾಗಜಿನಿನಲ್ಲಿ 13 ಗುಂಡು. ಕೋವಿಯಾದರೆ ಬಗ್ಗಿಸಿದ ಕೂಡಲೇ ಹೊಟ್ಟೆ ಕಾಣುತ್ತದೆ. ಪಿಸ್ತೂಲು ಹಾಗಲ್ಲ. ಮ್ಯಾಗಜಿನ್ ಹೊರಗೆ ತೆಗೆದು ಮೇಜಿನ ಮೇಲೆ ಇಟ್ಟರೂ ನಳಿಗೆಯ ಬುಡದಲ್ಲಿ ಒಂದು ಗುಂಡು ಕೂತಿರಬಹುದು. ಆದ್ದರಿಂದ ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಮೇಲಿನ ಸ್ಲೈಡನ್ನು ಹಿಂದಕ್ಕೆ ಎಳೆದು ಆ ಒಂದನ್ನು ಹೊರಗೆ ಹಾಕಬೇಕು, ಕಣ್ಣಿನಿಂದ ನೋಡಬೇಕು, ಬೆರಳಿನಿಂದ ಮುಟ್ಟಬೇಕು. ಇಷ್ಟಾದ ಮೇಲೆಯೇ ಸ್ಲೈಡು, ಸ್ಪ್ರಿಂಗು, ನಳಿಗೆ ಬಿಚ್ಚುವ ಮಾತು.

"ಇದನ್ನೇ ತಿರುಗಿಸಿ ಮಾಡಿದರೆ ಎಂತ ಆಗುತ್ತದೆ ಗೊತ್ತುಂಟಾ?" ಎಂದು ಕೇಳಿದರು ಮಾವ. ಮೊದಲು ಸ್ಲೈಡು ಎಳೆದರೆ ಒಳಗಿನ ಗುಂಡು ಹೊರಗೆ ಹಾರುತ್ತದೆ. ಕೈ ಬಿಟ್ಟ ಕೂಡಲೇ ಮ್ಯಾಗಜಿನಿನಿಂದ ಇನ್ನೊಂದು ಅದೇ ಜಾಗಕ್ಕೆ ಹೋಗಿ ಕೂರುತ್ತದೆ. ಆಮೇಲೆ ಮ್ಯಾಗಜಿನ್ ತೆಗೆದವನು, ಗುಂಡು ಹೊರಗೆ ಬಿದ್ದದ್ದನ್ನು ಕಂಡಿದ್ದೇನೆ, ಮ್ಯಾಗಜಿನೂ ತೆಗೆದಿದ್ದೇನೆ, ಖಾಲಿ ಉಂಟು ಎನ್ನುತ್ತಾನೆ. ಎರಡೂ ಕೆಲಸ ಮಾಡಿದ್ದಾನೆ. ಒಂದೂ ಸುಳ್ಳಿಲ್ಲ. ಆದರೂ ಪಿಸ್ತೂಲು ತುಂಬಿದೆ.

ನನ್ನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಉಂಟು. ನಾವು ಮಾತನ್ನು ಪರೀಕ್ಷೆ ಮಾಡುವುದೆಂದರೆ ಹೇಳಿದವನು ಸುಳ್ಳ ಎಂದು ಎಣಿಸಿದ ಹಾಗೆ ಎಂದು ತಿಳಿದಿದ್ದೇವೆ. ಆದರೆ ಸತ್ಯವಂತನೂ ತಪ್ಪಬಹುದು. ನಿನ್ನೆ ಖಾಲಿ ಮಾಡಿ ಇಟ್ಟದ್ದು ಅವನಿಗೆ ನೆನಪುಂಟು, ನಡುವೆ ಮನೆಯವರು ಯಾರಾದರೂ ಮುಟ್ಟಿದ್ದು ಅವನಿಗೆ ಗೊತ್ತಿಲ್ಲ. ಅವನ ಮಾತು ನಿನ್ನೆಯದ್ದು, ಕೋವಿ ಇವತ್ತಿನದ್ದು. ಈಡು ಹಾರಿ ಜೀವ ಹೋದ ಮೇಲೆ "ಖಾಲಿ ಅಂತ ಎಣಿಸಿದ್ದೆ" ಎಂದ ಸುದ್ದಿಯನ್ನು ನಾವು ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ? ಅವರಲ್ಲಿ ಹೆಚ್ಚಿನವರು ಸುಳ್ಳರಲ್ಲ, ಪಾಪ. ಎಣಿಸಿದರು, ನೋಡಲಿಲ್ಲ, ಅಷ್ಟೇ.

ಇನ್ನರ್ಧ ಉತ್ತರ ಸಿಗಲು ನನಗೆ ಪ್ರಾಯ ಆಗಬೇಕಾಯಿತು. ಎಲ್ಲವನ್ನೂ ಹೀಗೆ ಬೆರಳು ಹಾಕಿ ನೋಡುತ್ತಾ ಹೋದರೆ ಬದುಕುವುದು ಹೇಗೆ ಮಾರಾಯ್ರೆ? ನೆರೆಯವನು ಒಂದು ಮುಡಿ ಅಕ್ಕಿ ಸಾಲ ಕೇಳಿದರೆ ಚೀಟಿ ಬರೆಸಬೇಕಾ? ಮಗಳು ಫೋನಿನಲ್ಲಿ "ಸುಖವಾಗಿದ್ದೇನೆ ಅಪ್ಪ" ಎಂದರೆ ಪತ್ತೇದಾರಿ ಮಾಡಬೇಕಾ? ಗದ್ದೆಯಲ್ಲಿ ನೇಜಿ ನೆಡುವಾಗ ಒಬ್ಬಳು ಪದದ ಸಾಲು ಎತ್ತಿಕೊಟ್ಟರೆ ಉಳಿದವರು ಕಣ್ಣುಮುಚ್ಚಿ ಹಿಡಿದುಕೊಳ್ಳುತ್ತಾರೆ. ಸಾಲು ಸರಿ ಉಂಟಾ ಎಂದು ನಿಂತು ಕೇಳಿದರೆ ಪದವೂ ಇಲ್ಲ, ನೇಜಿಯೂ ಇಲ್ಲ. ನಂಬದೆ ಹಾಡಲು ಬರುವುದಿಲ್ಲ. ಇದು ಹಾಡುವ ನನಗೆ ಚೆನ್ನಾಗಿ ಗೊತ್ತು.

ವ್ಯತ್ಯಾಸ ಎಲ್ಲಿ ಉಂಟು ಎಂದು ಯೋಚಿಸಿದರೆ ನನಗೆ ಕಾಣುವುದು ಹೀಗೆ. ಅಕ್ಕಿ ವಾಪಸು ಬರದಿದ್ದರೆ ನಷ್ಟ ನನ್ನದು. ಪದದ ಸಾಲು ತಪ್ಪಿದರೆ ನಾವೇ ನಗುತ್ತೇವೆ. ನನ್ನ ನಷ್ಟವನ್ನು ಪಣಕ್ಕಿಟ್ಟು ನಾನು ಯಾರನ್ನು ಬೇಕಾದರೂ ನಂಬಬಹುದು, ಅದು ನನ್ನ ದೊಡ್ಡತನ ಬೇಕಾದರೂ ಆಗಬಹುದು, ದಡ್ಡತನ ಬೇಕಾದರೂ ಆಗಬಹುದು. ಆದರೆ ಕೋವಿಯ ಬಾಯಿಯ ಎದುರು ಇರುವುದು ನಾನಲ್ಲ. ಬೇಲಿಯಾಚೆ ಸೊಪ್ಪು ಕೊಯ್ಯುವ ಹೆಂಗಸು, ಅಂಗಳದಲ್ಲಿ ಆಡುವ ಮಗು. ಅವರನ್ನು ಕೇಳದೆ ಅವರ ಜೀವವನ್ನು ಪಣಕ್ಕಿಟ್ಟು ನಾನು ಅಪ್ಪನ ಮಾತಿಗೆ ಮರ್ಯಾದೆ ಕೊಟ್ಟೆ ಎಂದರೆ ಅದು ಎಂತಹ ಮರ್ಯಾದೆ? ನನ್ನ ನಂಬಿಕೆ ನನ್ನ ಗಂಟು, ಖರ್ಚು ಮಾಡಬಹುದು. ಇನ್ನೊಬ್ಬನ ಜೀವ ನನ್ನ ಗಂಟಲ್ಲ.

ಇದು ಕೋವಿಗೆ ಮಾತ್ರ ಇರುವ ನ್ಯಾಯ ಅಲ್ಲ. ಪಂಪಿನ ಶೆಡ್ಡಿನಲ್ಲಿ "ಮೈನ್ ಆಫ್ ಮಾಡಿದ್ದೇನೆ" ಎಂದು ಕೂಗಿ ಹೇಳಿದವನು ಅಣ್ಣನೇ ಆದರೂ, ಕೆಲಸದ ಹುಡುಗ ವಯರು ಮುಟ್ಟುವ ಮೊದಲು ನಾನು ಟೆಸ್ಟರ್ ಇಟ್ಟು ನೋಡುತ್ತೇನೆ. ಮತ್ತೆ, ನಮ್ಮ ಜಿಲ್ಲೆಯವರಿಗೆ ಈ ಪಾಠವನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಇಲ್ಲಿನ ಗೇರುತೋಟಗಳ ಮೇಲೆ 2000ದವರೆಗೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಬಾವಿ ಮುಚ್ಚಿಕೊಳ್ಳಿ ಎಂದರು. ಎಂತ ತೊಂದರೆ ಇಲ್ಲ ಎಂದೂ ಹೇಳಿದರು. ಹಾಗೆ ಹೇಳಿದವರು ಎಲ್ಲರೂ ಬೇಕೆಂದೇ ಸುಳ್ಳು ಹೇಳಿದರು ಎಂದು ನಾನು ಹೇಳುವುದಿಲ್ಲ. ಅವರಿಗೆ ಮೇಲಿನವರು ಹೇಳಿದ್ದರು, ಮೇಲಿನವರಿಗೆ ಅವರ ಮೇಲಿನವರು. ಒಬ್ಬೊಬ್ಬರೂ ಇನ್ನೊಬ್ಬರ "ಖಾಲಿ ಉಂಟು" ಎಂಬ ಮಾತನ್ನು ಮರ್ಯಾದೆಯಿಂದ ಕೈದಾಟಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಲ್ಲಿಸುವ ಹೊತ್ತಿಗೆ ಹಾಸಿಗೆಯಿಂದ ಏಳಲಾರದ ಮಕ್ಕಳು ಎಷ್ಟೋ ಮನೆಗಳಲ್ಲಿ ಇದ್ದರು. ಅವರ ಹತ್ತಿರ ಯಾರೂ ಕೇಳಿರಲಿಲ್ಲ.

ಒಂದು ಎದುರುಮಾತು ಉಂಟು. ಇಬ್ಬಿಬ್ಬರು ನೋಡುವ ಕ್ರಮ ಇದ್ದರೆ, ಹೇಗೂ ಅವನು ನೋಡುತ್ತಾನೆ ಎಂದು ಇವನು ಸಡಿಲ ಬಿಡುವುದಿಲ್ಲವಾ? ಬಿಡುತ್ತಾನೆ. ಮನುಷ್ಯನ ಗುಣ ಅದು. ಅದಕ್ಕೆ ಮಾವ ಹೇಳುತ್ತಿದ್ದದ್ದು: ಕೊಡುವಾಗ, ನಿನ್ನ ನಂತರ ಯಾರೂ ನೋಡುವವರಿಲ್ಲ ಎಂಬ ಹಾಗೆ ನೋಡು, ತೆಗೆದುಕೊಳ್ಳುವಾಗ, ನಿನ್ನ ಮೊದಲು ಯಾರೂ ನೋಡಿಲ್ಲ ಎಂಬ ಹಾಗೆ ನೋಡು.

ಆದರೂ ಅಪ್ಪನಿಗೆ ಬೇಸರ ಆದದ್ದು ಸುಳ್ಳಲ್ಲ, ಆ ಬೇಸರಕ್ಕೂ ಬೆಲೆ ಉಂಟು. ನಮ್ಮಲ್ಲಿ ಹಿರಿಯರ ಮಾತನ್ನು ಎದುರಲ್ಲೇ ಪರೀಕ್ಷೆ ಮಾಡಲು ಕಿರಿಯನಿಗೆ ಧೈರ್ಯ ಬರುವುದಿಲ್ಲ. ಬರಬಾರದು ಎಂದೇ ಬೆಳೆಸಿದ್ದೇವೆ. ಸೈನ್ಯದಲ್ಲಿ ಈ ಕಷ್ಟ ಇಲ್ಲ. "ಜಾಂಚ್ ಶಸ್ತ್ರ" ಎಂದು ಆಜ್ಞೆ ಆದರೆ ಎಲ್ಲರೂ ಆಯುಧ ತೆರೆದು ತೋರಿಸಬೇಕು, ಯಾರಿಗೂ ಅವಮಾನ ಇಲ್ಲ, ಯಾಕೆಂದರೆ ಎಲ್ಲರಿಗೂ ಒಂದೇ ಕ್ರಮ. ಮನೆಯಲ್ಲಿ ಆಜ್ಞೆ ಕೊಡುವವರು ಯಾರು? ನನಗೆ ತೋರುವುದು, ಅಲ್ಲಿ ಭಾರ ಹಿರಿಯನ ಮೇಲೆ ಉಂಟು. ಕಿರಿಯ ಧೈರ್ಯ ಮಾಡಿ ಕೇಳುವವರೆಗೆ ಕಾಯುವುದಲ್ಲ, ತಾನೇ ತೆರೆದು ಕೊಡಬೇಕು. ಕತ್ತಿ ಕೊಡುವಾಗ ಹಿಡಿಯನ್ನು ಅವನ ಕಡೆಗೆ ಮಾಡಿ ಕೊಡುವುದಿಲ್ಲವಾ, ಹಾಗೆ. ಈಗ ನಮ್ಮಲ್ಲಿ ಒರೆಸಲು ಕೂತಾಗ ನಾನು ಮಗನ ಕೈಗೆ ಕೋವಿ ಕೊಡುವುದು ಬಗ್ಗಿಸಿದ ಹಾಗೆಯೇ, ನಳಿಗೆಯ ಬುಡ ಅವನಿಗೆ ಕಾಣುವ ಹಾಗೆ. ತೆರೆದ ಕೋವಿ ಸಿಡಿಯುವುದಿಲ್ಲ. "ನೋಡು" ಎನ್ನುತ್ತೇನೆ. ಅವನು ನೋಡಿ "ಖಾಲಿ ಉಂಟು ಅಪ್ಪ" ಎನ್ನುತ್ತಾನೆ. ಹೇಳಬೇಕಾದ ಮಾತು ತೆಗೆದುಕೊಳ್ಳುವವನದ್ದಾಯಿತು, ಕೊಡುವವನದ್ದಲ್ಲ. ಇದರಲ್ಲಿ ಯಾರ ಮುಖವೂ ಸಣ್ಣದಾಗುವುದಿಲ್ಲ.

ಭಜನೆ ತಂಡದ ಹಣ ಇಟ್ಟುಕೊಳ್ಳುವವನು, ಸೊಸೈಟಿಯ ಲೆಕ್ಕ ಬರೆಯುವವನು, ಪಂಚಾಯತಿನ ಕುರ್ಚಿಯಲ್ಲಿ ಕೂತವನು, ಮನೆಯ ಯಜಮಾನ, ಎಲ್ಲರಿಗೂ ಈ ಒಂದು ಕ್ರಮ ಹೊಂದುತ್ತದೆ ಎಂದು ನನ್ನ ತಿಳುವಳಿಕೆ. "ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ಕೇಳುವ ಮೊದಲು ತೆರೆದು ತೋರಿಸಿ. ನಂಬಿಕೆ ಇರುವವರೂ ಒಮ್ಮೆ ನೋಡಲಿ.