ಅಂಚಿನ ತಪ್ಪು, ಅಂಚಿನ ಗಾಯ

ಒಂದೇ ವರ್ಷದ ಎರಡು ಬೆಳ್ಳಿ ನಾಣ್ಯಗಳಿವೆ ಎಂದುಕೊಳ್ಳೋಣ. ಎರಡರ ಅಂಚೂ ಒಂದು ಕಡೆ ಊನವಾಗಿದೆ. ಒಂದರ ಊನ ಟಂಕಸಾಲೆಯಲ್ಲೇ ಆದದ್ದು. ಇನ್ನೊಂದರದ್ದು ಹೊರಗೆ ಬಂದ ಮೇಲೆ ಯಾರದೋ ಕೈಯಲ್ಲಿ ಆದದ್ದು. ಸಂಗ್ರಾಹಕರು ಮೊದಲನೆಯದನ್ನು ‘ಟಂಕಸಾಲೆಯ ತಪ್ಪು’ ಎಂದು ಕರೆದು ಹೆಚ್ಚು ಹಣ ಕೊಟ್ಟು ಕೊಳ್ಳುತ್ತಾರೆ. ಎರಡನೆಯದನ್ನು ‘ಡ್ಯಾಮೇಜು’ ಎಂದು ಪಕ್ಕಕ್ಕಿಡುತ್ತಾರೆ. ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಆಗಿ ಕಾಣುವ ಊನಗಳಲ್ಲಿ ಒಂದು ಬೆಲೆಯಾಗುವುದು, ಇನ್ನೊಂದು ಕಳಂಕವಾಗುವುದು ಯಾವ ನ್ಯಾಯದಿಂದ?

ನಾಣ್ಯಕ್ಕೆ ಎರಡು ಮುಖ ಎನ್ನುವುದು ರೂಢಿಯ ಮಾತು. ಅದಕ್ಕೆ ಮೂರನೆಯದೊಂದು ಮೈಯೂ ಇದೆ, ಅದೇ ಅಂಚು. ತಗಡಿನಿಂದ ಕತ್ತರಿಸಿದ ಬೆಳ್ಳಿಯ ಬಿಲ್ಲೆಯನ್ನು ಮೊದಲು ಉರುಳಿಸಿ ಅದರ ಸುತ್ತಲಿನ ಅಂಚನ್ನು ತುಸು ಎಬ್ಬಿಸುತ್ತಾರೆ. ಆಮೇಲೆ ಅದು ಉಕ್ಕಿನ ಬಳೆಯೊಂದರೊಳಗೆ, ಎರಡು ಅಚ್ಚುಗಳ ನಡುವೆ ಕೂರುತ್ತದೆ. ಅಚ್ಚು ಒತ್ತಿದಾಗ ಬೆಳ್ಳಿ ಹೊರಕ್ಕೆ ಹರಡಿ ಬಳೆಯ ಒಳಮೈಗೆ ತಾಗುತ್ತದೆ. ಬಳೆಯ ಗೀರುಗಳು ಅಂಚಿಗೆ ಇಳಿಯುತ್ತವೆ. ಬಳೆ ಅರ್ಧಕ್ಕೇ ನಿಂತರೆ ಅಂಚಿನ ಒಂದು ಪಾಲಿಗಷ್ಟೇ ಗೀರು ಬಿದ್ದು ಉಳಿದದ್ದು ಹೊರಕ್ಕೆ ಚಾಚುತ್ತದೆ. ಬಳೆಯೇ ಇಲ್ಲದಿದ್ದರೆ ನಾಣ್ಯ ತಟ್ಟಿದ ರೊಟ್ಟಿಯಂತೆ ಅಗಲವಾಗುತ್ತದೆ. ಒತ್ತಡ ಹೆಚ್ಚಾದರೆ ಅಚ್ಚಿಗೂ ಬಳೆಗೂ ನಡುವಿನ ಸಂದಿಯಲ್ಲಿ ಬೆಳ್ಳಿ ನುಸುಳಿ ತೆಳುವಾದ ಏಣು ಮೂಡುತ್ತದೆ. ಅಚ್ಚಿನ ಅಂಚು ಮುರಿದಿದ್ದರೆ ಆ ಜಾಗದಲ್ಲಿ ನಾಣ್ಯ ಗಂಟು ಕಟ್ಟುತ್ತದೆ.

ಈ ಅಂಚಿಗೆ ಇಷ್ಟು ಕಾವಲು ಏಕೆ ಎಂಬುದಕ್ಕೆ ಇಂಗ್ಲೆಂಡಿನ ಚರಿತ್ರೆಯಲ್ಲಿ ಉತ್ತರವಿದೆ. ಸುತ್ತಿಗೆಯಿಂದ ಹೊಡೆದ ಹಳೆಯ ನಾಣ್ಯಗಳ ಅಂಚನ್ನು ಜನ ಕತ್ತರಿಸಿ ಬೆಳ್ಳಿ ಕದಿಯುತ್ತಿದ್ದರು. ಅದು ರಾಜದ್ರೋಹವೆಂದು ಕಾನೂನಾಗಿದ್ದರೂ ಕಳವು ನಿಲ್ಲಲಿಲ್ಲ. 1662ರಿಂದ ಯಂತ್ರದಲ್ಲಿ ಒತ್ತಿದ ಬೆಳ್ಳಿಯ ಕ್ರೌನ್‌ಗಳ ಅಂಚಿನ ಮೇಲೆ ‘ಅಲಂಕಾರವೂ ರಕ್ಷಣೆಯೂ’ ಎಂಬರ್ಥದ ಲ್ಯಾಟಿನ್ ಮಾತು ಬಂತು. 1696ರಲ್ಲಿ ಹಳೆಯ ಬೆಳ್ಳಿಯನ್ನೆಲ್ಲ ಕರಗಿಸಿ ಮತ್ತೆ ಟಂಕಿಸುವ ಕೆಲಸ ಶುರುವಾದಾಗ ಐಸಾಕ್ ನ್ಯೂಟನ್ ಟಂಕಸಾಲೆಯ ಅಧಿಕಾರಿಯಾಗಿ ಬಂದ. ಅಂದರೆ ಅಂಚಿನ ಗೀರು ಬರಿಯ ಸೊಬಗಲ್ಲ. ಮನುಷ್ಯರ ನಡುವೆ ನಂಬಿಕೆ ಸವೆದ ಜಾಗದಲ್ಲಿ ಹಾಕಿದ ಬೇಲಿ.

ಬೇಲಿ ಹಾಕಿದವರು ಯಾರು ಎಂದೂ ಕೇಳಬೇಕು. 1940ರಲ್ಲಿ ಬ್ರಿಟಿಷ್ ಭಾರತದ ಸರ್ಕಾರ ರೂಪಾಯಿಯ ಬೆಳ್ಳಿಯನ್ನು ಹನ್ನೆರಡರಲ್ಲಿ ಹನ್ನೊಂದು ಪಾಲಿನಿಂದ ಅರ್ಧಕ್ಕೆ ಇಳಿಸಿತು. ಅದರ ಜೊತೆಗೇ ಖೋಟಾ ತಡೆಯಲು ಅಂಚಿಗೆ ವಿಶೇಷ ಭದ್ರತಾ ಗೀರನ್ನೂ ಕೊಟ್ಟಿತು. ಅಂಚಿನಿಂದ ಚೂರು ತೆಗೆದವನು ಅಪರಾಧಿ. ಒಡಲಿನಿಂದ ಅಷ್ಟು ತೆಗೆದದ್ದು ಕಾನೂನು.

ಈಚಿನ ಉದಾಹರಣೆ ಇನ್ನೂ ಕುತೂಹಲದ್ದು. 2021ರಲ್ಲಿ ಹೊಸ ವಿನ್ಯಾಸದೊಡನೆ ಬಂದ ಅಮೆರಿಕನ್ ಸಿಲ್ವರ್ ಈಗಲ್ ನಾಣ್ಯದ ಅಂಚಿನ ಗೀರುಗಳ ಸಾಲಿನಲ್ಲಿ ಒಂದು ಕಡೆ ಬೇಕೆಂದೇ ವ್ಯತ್ಯಾಸ ಮಾಡಿದ್ದಾರೆ. ಅದಿದ್ದರೆ ನಾಣ್ಯ ಅಸಲಿ ಎಂದು ಗುರುತು. ಈಗ ನಮ್ಮ ಮುಂದೆ ಮೂರು ಬಗೆಯ ಊನಗಳಿವೆ: ಆಕಸ್ಮಿಕದ್ದು, ಕಳ್ಳತನದ್ದು, ಉದ್ದೇಶಪೂರ್ವಕವಾದದ್ದು. ನಾವು ಬೆಲೆ ಕಟ್ಟುತ್ತಿರುವುದು ಊನಕ್ಕಲ್ಲ, ಅದರ ಹಿಂದಿನ ಕಥೆಗೆ.

ಕಥೆಗೆ ಬೆಲೆ ಕಟ್ಟುವುದು ತಪ್ಪಲ್ಲ. ಹಸ್ತಪ್ರತಿಗಳೊಡನೆ ಕೆಲಸ ಮಾಡುವವರಿಗೆ ಇದು ಗೊತ್ತು. ಎರಡು ಓಲೆಪ್ರತಿಗಳಲ್ಲಿ ಒಂದೇ ವಿಚಿತ್ರ ಸ್ಖಾಲಿತ್ಯ ಕಂಡರೆ ಅವು ಒಂದೇ ಮೂಲದಿಂದ ಇಳಿದು ಬಂದಿರಬಹುದೆಂದು ಊಹಿಸುತ್ತೇವೆ. ಸರಿಯಾದ ಪಾಠ ಎಲ್ಲಿಂದಲಾದರೂ ಬರಬಹುದು. ತಪ್ಪು ಮಾತ್ರ ತನ್ನ ಮನೆತನ ಹೇಳುತ್ತದೆ. ಮುರಿದ ಅಚ್ಚಿನ ಗಂಟೂ ಹಾಗೆಯೇ ಸಾಕ್ಷಿ.

ಹಾಗಾದರೆ ಬಳಕೆಯ ಗಾಯ ಸಾಕ್ಷಿಯಲ್ಲವೇ? ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಗಳಲ್ಲಿ ಎಷ್ಟೋ ನಾಣ್ಯಗಳ ಅಂಚಿನಲ್ಲಿ ಬೆಸುಗೆಯ ಕಲೆ ಇರುತ್ತದೆ. ಯಾರೋ ಅದಕ್ಕೆ ಕೊಂಡಿ ಹಾಕಿಸಿ ಕೊರಳಿಗೆ ಕಟ್ಟಿಕೊಂಡಿದ್ದರು. ಬ್ಯಾಂಕಿನ ಮುಖ ಕಾಣದ ಹೆಣ್ಣುಮಕ್ಕಳಿಗೆ ಅದೇ ಒಡವೆ, ಅದೇ ಕಷ್ಟಕಾಲದ ಗಂಟು. ಸಂಗ್ರಾಹಕರ ಲೆಕ್ಕದಲ್ಲಿ ಆ ಕಲೆ ಬೆಲೆ ಇಳಿಸುವ ದೋಷ. ಯಂತ್ರ ಒಂದು ಕ್ಷಣ ತಪ್ಪಿದ್ದು ವೈಶಿಷ್ಟ್ಯ. ಒಬ್ಬಾಕೆ ಜೀವಮಾನವಿಡೀ ಧರಿಸಿದ್ದು ಡ್ಯಾಮೇಜು.

ಸಂಗ್ರಾಹಕರ ಪರವಾಗಿಯೂ ಒಂದು ಗಟ್ಟಿ ವಾದವಿದೆ. ಅರ ಹಿಡಿದವನು ಯಾವ ನಾಣ್ಯದ ಅಂಚನ್ನಾದರೂ ಕೆಡಿಸಬಲ್ಲ. ಟಂಕಸಾಲೆಯ ತಪ್ಪನ್ನು ಹಾಗೆ ಸೃಷ್ಟಿಸಲಾಗದು. ಇವೆರಡನ್ನು ಬೇರ್ಪಡಿಸದಿದ್ದರೆ ಕೊಳ್ಳುವವನಿಗೆ ಮೋಸವಾಗುತ್ತದೆ. ಇದನ್ನು ನಾನು ಒಪ್ಪುತ್ತೇನೆ. ಆದರೆ ಇದು ಬೆಲೆಯ ಸಮರ್ಥನೆ, ತಿರಸ್ಕಾರದ ಸಮರ್ಥನೆಯಲ್ಲ. ಅಪರೂಪವಾದದ್ದು ದುಬಾರಿಯಾಗಲಿ, ಸಾಮಾನ್ಯವಾದದ್ದು ಕೀಳು ಎನ್ನುವುದು ಅದರಿಂದ ಸಿದ್ಧವಾಗುವುದಿಲ್ಲ.

ಈ ಜಾರುವಿಕೆ ನಾಣ್ಯಕ್ಕೆ ಮುಗಿಯುವುದಿಲ್ಲ. ಹುಟ್ಟಿನಿಂದ ಬಂದ ವಿಚಿತ್ರವನ್ನು ಪ್ರತಿಭೆಯ ಲಕ್ಷಣವೆಂದು ಮೆಚ್ಚುವ ನಾವು, ದುಡಿದು ಬಾಗಿದ ಬೆನ್ನನ್ನು, ಬಿರುಕುಬಿಟ್ಟ ಅಂಗೈಯನ್ನು ಅದೇ ಕುತೂಹಲದಿಂದ ನೋಡುವುದಿಲ್ಲ. ನಮ್ಮ ನುಡಿಯಲ್ಲೂ ‘ಸವಕಲು ನಾಣ್ಯ’ ಎಂಬುದು ಹೀಗಳೆಯುವ ಮಾತು. ಆದರೆ ನಾಣ್ಯ ಸವೆಯುವುದು ಕೈಯಿಂದ ಕೈಗೆ ಹೋದಾಗ, ಅಂದರೆ ಯಾವುದಕ್ಕಾಗಿ ಅದನ್ನು ಟಂಕಿಸಿದರೋ ಆ ಕೆಲಸವನ್ನು ಅದು ಮಾಡಿದಾಗ.