ತ್ಯಾಜ್ಯವೆಂಬುದು ಯಾರಿಗೆ?

ಸಕಲೇಶಪುರವನ್ನು ದಾಟಿ ಮಾರನಹಳ್ಳಿಗೆ ಬಂದವರಿಗೆ ಶಿರಾಡಿ ಘಟ್ಟದ ಇಳಿಜಾರು ಎದುರಾಗುತ್ತದೆ. ಮಳೆಗಾಲದಲ್ಲಿ ಡಾಂಬರು ನಿಲ್ಲದಿದ್ದ ಆ ಹಾದಿಗೆ ಹೆಗ್ಗದ್ದೆಯಿಂದ ಕೆಂಪುಹೊಳೆಯವರೆಗೆ 2015ರಲ್ಲಿಯೂ ಅಲ್ಲಿಂದ ಅಡ್ಡಹೊಳೆಯವರೆಗೆ 2018ರಲ್ಲಿಯೂ ಕಾಂಕ್ರೀಟು ಹಾಸಲಾಯಿತು. ಲೋಕಕ್ಕೆ ಉಪಕಾರವಾಯಿತು, ಸಂದೇಹವಿಲ್ಲ. ಆದರೆ ಕಾಂಕ್ರೀಟಿನ ಗಾತ್ರದಲ್ಲಿ ಶೇ. 60ರಿಂದ 75ರಷ್ಟು ಜಲ್ಲಿ ಮರಳುಗಳೇ ಆಗಿವೆ. ಜಲ್ಲಿಗಾಗಿ ಬೆಟ್ಟವನ್ನು ಒಡೆಯಬೇಕು, ಮರಳಿಗಾಗಿ ಹೊಳೆಯ ಒಡಲನ್ನು ಬಗೆಯಬೇಕು.

ಈ ಹಿಂಸೆಯನ್ನು ಕೃಷಿಯ ಉಳಿಕೆಯಿಂದ ತಗ್ಗಿಸಬಹುದೆಂದು ವಿಜ್ಞಾನಿಗಳು ಹೇಳುತ್ತಾರೆ. ಜಲ್ಲಿಗೆ ಬದಲಾಗಿ ತೆಂಗಿನ ಕರಟದ ಚೂರುಗಳನ್ನು ಬಳಸಿದರೆ ಹಗುರವಾದ ಕಾಂಕ್ರೀಟು ದೊರೆಯುತ್ತದೆ. ಕರಟವು ನೀರನ್ನು ಹೀರುವುದರಿಂದ ಮೊದಲೇ ನೆನೆಸಿಡಬೇಕು. ಕಾಫಿಯ ಸೀಮೆಯವರಾದ ನಮಗೆ ಇನ್ನೂ ಹತ್ತಿರದ ಸಂಗತಿಯೊಂದುಂಟು. ಆಸ್ಟ್ರೇಲಿಯಾದ ಮೆಲ್ಬರ್ನಿನ ಆರ್.ಎಂ.ಐ.ಟಿ. ವಿಶ್ವವಿದ್ಯಾಲಯದವರು ಕಾಫಿ ಸೋಸಿದ ಬಳಿಕ ಉಳಿಯುವ ಚರಟವನ್ನು, ಗಾಳಿ ಸೋಕದಂತೆ, 350 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇದ್ದಿಲಾಗಿಸಿ ಮರಳಿನ ಶೇ. 15ರಷ್ಟು ಭಾಗಕ್ಕೆ ಬದಲಾಗಿ ಬೆರೆಸಿದರು. ಕಾಂಕ್ರೀಟಿನ ಬಲ ಶೇ. 30ರ ಸಮೀಪ ಹೆಚ್ಚಿತೆಂದು 2023ರಲ್ಲಿ ಪ್ರಕಟಿಸಿದರು. ಚರಟವನ್ನು ಹಾಗೆಯೇ ಬೆರೆಸಿದರೆ ಅದರಿಂದ ಒಸರುವ ಸಾವಯವ ದ್ರವ್ಯಗಳು ಕಾಂಕ್ರೀಟನ್ನು ದುರ್ಬಲಗೊಳಿಸುತ್ತವೆ. ಅಗ್ನಿಸಂಸ್ಕಾರವಾಗದೆ ಅದು ಅಲ್ಲಿಗೆ ಒಗ್ಗದು.

ಪ್ರಯತ್ನವು ಶ್ಲಾಘ್ಯವೇ. ಆದರೂ ನಮ್ಮನ್ನು ಕಾಡುವ ಪ್ರಶ್ನೆ ಬೇರೆ: ಇದನ್ನು ತ್ಯಾಜ್ಯವೆಂದು ಕರೆದವರಾರು? ಪಟ್ಟಣದ ಚರಟ ಕಸದ ಗುಂಡಿಯಲ್ಲಿ ಕೊಳೆತು ಮೀಥೇನ್ ಅನಿಲವನ್ನು ಬಿಡುತ್ತದೆ, ಅದನ್ನು ಕೇಳುವವರಿಲ್ಲ. ತೋಟದ ಹಣ್ಣಿನ ಸಿಪ್ಪೆಯಾದರೋ ಗೊಬ್ಬರವಾಗಿ ಕಾಫಿ ಗಿಡದ ಬುಡಕ್ಕೇ ಮರಳುತ್ತದೆ. ಭತ್ತದ ಹುಲ್ಲಿಗೆ ಕೊಟ್ಟಿಗೆ ಕಾದಿರುತ್ತದೆ. ಅರಸೀಕೆರೆಯ ಕಡೆ ಕೊಬ್ಬರಿ ಬಿಡಿಸಿದ ಕರಟಕ್ಕೆ ಒಲೆಯುಂಟು. ಪ್ರಸಾದವೆಂದು ಸ್ವೀಕರಿಸಿದವನು ಎಲೆಯಲ್ಲಿ ಏನನ್ನೂ ಬಿಡುವುದಿಲ್ಲವೆಂಬುದು ನಮ್ಮ ಆಚಾರ. ಹಾಗೆಯೇ ದಾಸೋಹದ ಪಂಕ್ತಿಯಲ್ಲಿ ಇನ್ನೊಬ್ಬರ ಎಲೆಗೆ ಕೈಚಾಚುವುದೂ ಇಲ್ಲ. ಬೆಳೆಯ ಉಳಿಕೆಯಲ್ಲಿ ಮೊದಲ ಎಲೆ ಮಣ್ಣಿನದು. ಮಣ್ಣಿಗೆ ಸೇರಿದ್ದು ಮತ್ತೆ ಪೈರಾಗಿ ಜಂಗಮವಾಗುತ್ತದೆ. ಕಾಂಕ್ರೀಟಿಗೆ ಸೇರಿದ್ದು ಸ್ಥಾವರವಾಗಿ ಅಲ್ಲಿಯೇ ನಿಲ್ಲುತ್ತದೆ. ಬೆಲೆ ಬಂದೊಡನೆ ಸಿಪ್ಪೆಯೂ ಲಾರಿ ಹತ್ತೀತೆಂಬ ಭಯ ನಮ್ಮದು.

ಇದನ್ನು ಹೇಳಿದಾಗ ತರುಣ ಭಕ್ತನೊಬ್ಬ, "ಹೊಳೆಯ ಮರಳಿಗೆ ಪಾಲುದಾರರಿಲ್ಲವೇ, ಬುದ್ಧಿ? ಮೀನಿಲ್ಲವೇ, ದಂಡೆಯ ಬಾವಿಯಿಲ್ಲವೇ?" ಎಂದ. ನಾವು ಕುಳಿತಿದ್ದುದು ಕಾಂಕ್ರೀಟಿನ ಸಭಾಮಂಟಪದಲ್ಲಿ. ಉತ್ತರಕ್ಕೆ ತಡವರಿಸಿದೆವು.

ಮಠದ ದಾಸೋಹದ ಮನೆಗೆ ಅನಿಲದ ಒಲೆ ಬಂದ ಮೇಲೆ ಕರಟ ಹಿತ್ತಲಿನಲ್ಲಿ ರಾಶಿ ಬಿದ್ದಿದೆ. ಕೊಟ್ಟಿಗೆಯ ಹೊಸ ಗೋಡೆಗೆ ಅದರ ಬ್ಲಾಕುಗಳನ್ನು ಎರಕ ಹೊಯ್ದು ನೋಡಲು ಆ ತರುಣನಿಗೇ ಒಪ್ಪಿಸಿದ್ದೇವೆ. ತೋಟದ ಸಿಪ್ಪೆಯ ಗುಂಡಿಯನ್ನು ಮಾತ್ರ ಮುಟ್ಟಕೂಡದೆಂದು ಹೇಳಿದ್ದೇವೆ.