ಕೂಲಿಯ ಉಳಿತಾಯ

ಕಮಲಾಪುರದ ಹತ್ತಿರ ಹಿರಿಯರು ಬಿಟ್ಟುಹೋದ ಆರು ಎಕರೆ ಹೊಲ ನಮಗಿದೆ. ಕಲಬುರಗಿಯಲ್ಲಿ ಮನೆ ಮಾಡಿಕೊಂಡು ಕಾಲೇಜಿನ ಹುಡುಗರಿಗೆ ಕನ್ನಡ ಹೇಳುವ ನನ್ನನ್ನು ರೈತನೆಂದು ಯಾರೂ ಒಪ್ಪಲಾರರು. ಆದರೂ ವರ್ಷಕ್ಕೊಮ್ಮೆ, ತೊಗರಿ ಒಣಗುವ ಕಾಲಕ್ಕೆ, ನನ್ನೊಳಗೊಬ್ಬ ರೈತ ಎದ್ದು ಕುಳಿತು ಲೆಕ್ಕ ಹಾಕತೊಡಗುತ್ತಾನೆ.

ಲೆಕ್ಕ ಸರಳವಾದುದೆ. ಕುಡುಗೋಲಿನಿಂದ ಕೊಯ್ಯುವುದಕ್ಕೆ ಹನ್ನೆರಡು ಹೆಣ್ಣಾಳು, ನಾಲ್ಕು ದಿನ. ಹೊರೆ ಕಟ್ಟಿ ಬಣವಿ ಒಟ್ಟುವುದಕ್ಕೆ ಗಂಡಾಳು. ಅದರ ಮೇಲೆ ರಾಶಿಯ ಖರ್ಚು. ಕೊಯ್ಯುವ ಯಂತ್ರ ತರಿಸಿದರೆ ಇಷ್ಟೆಲ್ಲ ಕೆಲಸ ಒಂದೇ ದಿನದಲ್ಲಿ ಮುಗಿದುಹೋಗುತ್ತದೆ. ಅದು ಮುಂದಿನಿಂದ ಗಿಡ ನುಂಗಿ ಹಿಂದೆಯೇ ಕಾಳು ಕೊಡುತ್ತದೆ. ಕಳೆದ ಸುಗ್ಗಿಯಲ್ಲಿ ಆಕಾಶದಲ್ಲಿ ಮೋಡ ಬೇರೆ ಕಾಣಿಸಿಕೊಂಡಿತು. ಯಂತ್ರ ಕರೆಸಿದೆ. ಸಂಜೆ ಮನೆಗೆ ಬಂದು, “ಕೂಲಿ ಉಳಿಯಿತು” ಎಂದು ಹೆಂಡತಿಗೆ ಸಂತೋಷದಿಂದಲೇ ಹೇಳಿದೆ.

ಎರಡು ದಿನ ಬಿಟ್ಟು ಹೊಲಕ್ಕೆ ಹೋದಾಗ, ಪ್ರತಿವರ್ಷ ಬರುವ ಹೆಂಗಸರು ಬದುವಿನ ಮೇಲೆ ನಿಂತಿದ್ದರು. ಸೊಂಟದಲ್ಲಿ ಕುಡುಗೋಲು, ಕೈಯಲ್ಲಿ ರೊಟ್ಟಿಯ ಗಂಟು. ಅವರಲ್ಲಿ ಹಿರಿಯಳು, ನನ್ನ ತಾಯಿಯ ಕಾಲದಿಂದಲೂ ಬರುತ್ತಿದ್ದವಳು, ಬೋಳಾದ ಹೊಲವನ್ನೊಮ್ಮೆ ನೋಡಿ, “ಒಂದ್ ಮಾತ ಹೇಳಿ ಕಳಸಬಾರದೇನ್ರಿ ಮಾಸ್ತರ?” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಉತ್ತರ ಹೊಳೆಯುತ್ತಿತ್ತೇನೋ.

ಭಾಷೆ ಕಲಿಸುವವನಿಗೆ ಮಾತನ್ನು ಕೆದಕುವ ದುರಭ್ಯಾಸವಿರುತ್ತದೆ. ‘ಕೂಲಿ ಉಳಿಯಿತು’ ಎಂದೆನಲ್ಲ, ಉಳಿದದ್ದು ಎಲ್ಲಿ? ನನ್ನ ಪೆಟ್ಟಿಗೆಯಲ್ಲಿ. ಅವರ ಮನೆಯಲ್ಲಿ ಅದೇ ಹಣಕ್ಕೆ ಉಳಿತಾಯವೆಂದು ಹೆಸರಿಲ್ಲ. ಅದು ನಾಲ್ಕು ದಿನದ ಜೋಳ, ಎಣ್ಣೆ, ಮಗುವಿನ ಔಷಧ. ಹಣವಷ್ಟೇ ಅಲ್ಲ. ಕೊಯ್ಲು ಮುಗಿದ ಮೇಲೆ ಒಂದೊಂದು ಹೊರೆ ತೊಗರಿಕಟ್ಟಿಗೆ ಅವರ ಒಲೆಗೆ ಹೋಗುತ್ತಿತ್ತು. ಯಂತ್ರ ಕಟ್ಟಿಗೆಯನ್ನೂ ಚೂರುಮಾಡಿ ಚೆಲ್ಲಿತ್ತು. ನನ್ನ ಲೆಕ್ಕದ ಹಾಳೆಯಲ್ಲಿ ಕಟ್ಟಿಗೆಗೆ ಒಂದು ಸಾಲೂ ಇರಲಿಲ್ಲ.

ಇದು ನನ್ನೊಬ್ಬನ ಹೊಲದ ಕಥೆಯಲ್ಲ. ಆ ತೊಗರಿ ಮುಂದೆ ಹೋಗುವುದು ನಮ್ಮ ಕಲಬುರಗಿಯ ಬೇಳೆ ಗಿರಣಿಗಳಿಗೆ. ಅಲ್ಲಿ ಹಿಂದೆ ಹೆಂಗಸರು ಸಾಲಾಗಿ ಕುಳಿತು, ಮೊರದಲ್ಲಿ ಕೇರಿ, ಕಪ್ಪು ಕಾಳು ಕಲ್ಲು ಆರಿಸುತ್ತಿದ್ದರು. ಈಗ ಬಣ್ಣ ನೋಡಿ ಬೇರ್ಪಡಿಸುವ ಯಂತ್ರ ಬಂದಿದೆ. ಬೇಳೆ ಜಾರಿಬೀಳುವಾಗ ಕ್ಯಾಮರಾ ಒಂದೊಂದನ್ನೂ ನೋಡುತ್ತದೆ. ಕೆಟ್ಟದ್ದು ಕಂಡರೆ ಗಾಳಿಯ ಚಿಮ್ಮು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಪರಿಚಯದ ಗಿರಣಿಯವರೊಬ್ಬರನ್ನು ಕೇಳಿದೆ. “ಸರ್, ದೊಡ್ಡ ಊರಿನ ವ್ಯಾಪಾರಿ ಒಂದು ಕಪ್ಪು ಕಾಳು ಕಂಡರೆ ಮೂಟೆ ವಾಪಸು ಕಳಿಸ್ತಾನ. ಯಂತ್ರ ನಾ ಬಿಟ್ಟರೆ ಬಾಜೂದವ ತರ್ತಾನ. ಆಮ್ಯಾಲೆ ನನ್ನ ಗಿರಣೀನ ಇರಂಗಿಲ್ಲ,” ಎಂದರು. ಈ ಮಾತನ್ನು ಸುಳ್ಳೆನ್ನಲು ನನ್ನಿಂದಾಗದು.

ಜಾನ್ ಹಿಕ್ಸ್ ಎಂಬ ಅರ್ಥಶಾಸ್ತ್ರಜ್ಞ 1932ರಲ್ಲಿ ಕೂಲಿಯನ್ನು ಕುರಿತು ಬರೆಯುತ್ತ, ಯಾವುದು ತುಟ್ಟಿಯಾಗುತ್ತದೋ ಅದನ್ನು ಉಳಿಸುವ ಕಡೆಗೇ ಮನುಷ್ಯನ ಕಲ್ಪನೆ ಹರಿಯುತ್ತದೆಂದು ತೋರಿಸಿದ. ಕೂಲಿ ಏರಿದರೆ ಕೂಲಿ ಉಳಿಸುವ ಯಂತ್ರ ಹುಟ್ಟುತ್ತದೆ. ಒಪ್ಪೋಣ. ಆದರೆ ತಕ್ಕಡಿಯ ಮುಳ್ಳನ್ನು ಬೆಲೆಯೊಂದೇ ಅಲ್ಲಾಡಿಸುವುದಿಲ್ಲ. ಯಂತ್ರ ಕೊಳ್ಳುವವನಿಗೆ ಬ್ಯಾಂಕಿನ ಸಾಲವುಂಟು, ಸರಕಾರದ ಸಹಾಯಧನವುಂಟು; ಬಾಡಿಗೆಗೆ ಯಂತ್ರ ಕೊಡುವ ‘ಕೃಷಿ ಯಂತ್ರಧಾರೆ’ ಕೇಂದ್ರಗಳೂ ಉಂಟು. (ಧಾರೆಯೆಂದರೆ ಹರಿವೂ ಹೌದು, ಧಾರೆ ಎರೆದು ಕೊಡುವುದೂ ಹೌದು, ಹೆಸರಿಟ್ಟವರು ಯಾವ ಅರ್ಥದಲ್ಲಿ ಇಟ್ಟರೋ!) ಹನ್ನೆರಡು ಮಂದಿಗೆ ಕೆಲಸ ಕೊಡುತ್ತೇನೆ ಎಂದು ಹೋದರೆ ಯಾವ ಬ್ಯಾಂಕೂ ಸಾಲ ಕೊಡದು.

ಯಂತ್ರ ಬಂದರೆ ಕೊನೆಗೆ ಎಲ್ಲರಿಗೂ ಲಾಭವೆಂದು ನಂಬಿದ್ದವರಲ್ಲಿ ಡೇವಿಡ್ ರಿಕಾರ್ಡೊ ಒಬ್ಬ. ಅವನು 1821ರಲ್ಲಿ ತನ್ನ ಗ್ರಂಥದ ಮೂರನೆಯ ಆವೃತ್ತಿಗೆ ಯಂತ್ರಗಳ ಮೇಲೆ ಹೊಸ ಅಧ್ಯಾಯವೊಂದನ್ನು ಸೇರಿಸಿ, ತಾನು ಹಿಂದೆ ತಿಳಿದದ್ದು ತಪ್ಪು, ಯಂತ್ರದಿಂದ ಕೂಲಿಗಾರನಿಗೆ ಕೇಡಾಗುವುದುಂಟು ಎಂದು ಬರೆದ. ಆದರೂ ಯಂತ್ರವನ್ನು ತಡೆಯಬೇಕೆಂದು ಅವನು ಹೇಳಲಿಲ್ಲ. ಇಲ್ಲಿ ತಡೆದರೆ ಬಂಡವಾಳ ಬೇರೆ ದೇಶಕ್ಕೆ ಹೋದೀತೆಂದ. ನಮ್ಮ ಗಿರಣಿಯವರು ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ.

ಯಂತ್ರವನ್ನು ಬಯ್ಯುವುದು ಸುಲಭ. ಹಿಂದಿನ ನಿಜಾಮರ ಕಾಲದಲ್ಲಿ ಇದೇ ಊರಿನಲ್ಲಿ ಎದ್ದ ಎಂ.ಎಸ್.ಕೆ. ಮಿಲ್ ಯಂತ್ರಗಳಿಂದಲೇ ನೂರಾರು ಮನೆಗಳ ಒಲೆ ಉರಿಸಿತು. ಈಗ ಮಿಲ್ಲು ನಿಂತಿದೆ, ಬಡಾವಣೆಗೆ ಹೆಸರು ಉಳಿದಿದೆ. ಯಂತ್ರವಿಲ್ಲದಿದ್ದರೆ ಕೂಲಿ ತಾನಾಗಿ ಉಳಿದೀತೆಂದೂ ಅಲ್ಲ. ಕಮಲಾಪುರದ ಕೆಂಪು ಬಾಳೆಗೆ ಊರಿನ ಹೆಸರೇ ಮುದ್ರೆ. ಆದರೆ ಅದು ಕೈಗೆ ಬರಲು ಒಂದೂವರೆ ವರ್ಷ ಕಾಯಬೇಕು. ಆನಿಕೆ ಕೊಟ್ಟು, ಗಾಳಿಗೆ ಬೀಳದಂತೆ ನೋಡಿಕೊಳ್ಳಬೇಕು, ಗೊನೆಯನ್ನು ಕೈಯಿಂದಲೇ ಇಳಿಸಬೇಕು. ಇಷ್ಟು ಆಳು ಎಲ್ಲಿಂದ ತರಲಿ ಎನ್ನುವವನು ಯಂತ್ರಕ್ಕೆ ಕಾಯುವುದಿಲ್ಲ, ಬೆಳೆಯನ್ನೇ ಬದಲಿಸುತ್ತಾನೆ.

ಇನ್ನೊಂದು ಮಾತು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ದಿನವೆಲ್ಲ ಬಗ್ಗಿ ತೊಗರಿ ಕೊಯ್ದು, ಕೊಯ್ದ ಮೋಟಿನಿಂದ ಕಾಲು ತರಚಿಸಿಕೊಳ್ಳುವ ಆ ಕೆಲಸ ನನ್ನ ಮಗಳಿಗೆ ಬರಲೆಂದು ನಾನು ಬಯಸುವೆನೆ? ಇಲ್ಲ. ಆ ಹಿರಿಯಳೂ ತನ್ನ ಮೊಮ್ಮಗಳಿಗೆ ಬಯಸಲಾರಳು. ಅವಳ ಮಕ್ಕಳು ಆಗಲೇ ಪುಣೆ ಸೇರಿದ್ದಾರೆ. ಯಾರೂ ಬಯಸದ ಕೆಲಸ ಹೋದದ್ದಕ್ಕೆ ದುಃಖಪಡುವುದು ಕಪಟವಲ್ಲವೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಕೆಲಸ ಹೋಗುವುದು ಬೇರೆ, ಕೆಲಸದೊಡನೆ ಅನ್ನವೂ ಹೋಗುವುದು ಬೇರೆ ಎಂಬುದಷ್ಟೇ ನನಗೆ ಸಿಕ್ಕ ಉತ್ತರ. ಯಂತ್ರ ಬೆನ್ನುನೋವನ್ನು ಕಳೆದದ್ದು ನಿಜ. ಆದರೆ ಬೆನ್ನು ಅವರದು, ಲಾಭ ನನ್ನದು. ಆ ಲಾಭದಲ್ಲಿ ಅವರಿಗೆ ಪಾಲುಂಟೆ ಎಂಬ ಪ್ರಶ್ನೆ ಯಂತ್ರದವನ ಬಾಡಿಗೆ ಎಣಿಸಿಕೊಟ್ಟಾಗ ನನಗೆ ಹೊಳೆಯಲೇ ಇಲ್ಲ. ಹೇಳಿಕಳಿಸುವುದಕ್ಕೆ ಒಂದು ಫೋನು ಸಾಕಾಗಿತ್ತು. ಅದಕ್ಕೆ ದುಡ್ಡಿನ ಕಾರಣವೂ ಇರಲಿಲ್ಲ.

ಅಂದು ಬದುವಿನ ಮೇಲೆ ನಿಂತು ಏನೋ ತೊದಲಿದೆ, ಮೋಡದ ಮಾತೆತ್ತಿದೆ. ಆಕೆ ಕೇಳಿಸಿಕೊಂಡಳು. ಆಮೇಲೆ, “ಹೋಗ್ಲಿ ಬಿಡ್ರಿ. ಹಕ್ಕಲಾರ ಆರಿಸ್ಕೊಂತೀವಿ,” ಎಂದು ಸೆರಗು ಸಿಕ್ಕಿಸಿದಳು. ಯಂತ್ರ ಬಹಳ ಕಾಳು ಉದುರಿಸಿತ್ತು. ಹನ್ನೆರಡು ಮಂದಿಯೂ ಬಗ್ಗಿ, ನುಚ್ಚಾದ ಕಟ್ಟಿಗೆಯನ್ನು ಸರಿಸಿ ಸರಿಸಿ, ಎರೆಯ ಬಿರುಕುಗಳಿಂದ ಒಂದೊಂದೇ ಕಾಳು ಆಯತೊಡಗಿದರು. ನಾನು ಮಧ್ಯಾಹ್ನದ ಬಸ್ಸಿಗೆ ಹೊರಡಬೇಕಾದವನು ಸಂಜೆಯವರೆಗೂ ಅಲ್ಲೇ ಇದ್ದೆ.